ಮಕ್ಕಳ ಭಯಕ್ಕೆ ಕಿವಿಗೊಡೋಣ

‘ಚಿಕ್ಕ ಮಕ್ಕಳು, ಅವಕ್ಕೇನು ಗೊತ್ತಾಗುತ್ತೆ?’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ನಾರಾಯಣಪುರದ ಸೀಮೆ 1948ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ವರ್ಷದ ಮೇ ತಿಂಗಳಲ್ಲಿ ಹತ್ತಿರದ ಗೋರಟಾದಲ್ಲಿ ರಜಾಕಾರರು ಹಿಂದೂ ಹಳ್ಳಿಗರನ್ನು ಕೊಂದರು. ಸೆಪ್ಟೆಂಬರ್ 13ಕ್ಕೆ ಪೊಲೀಸ್ ಕಾರ್ಯಾಚರಣೆ ಶುರುವಾಯಿತು; ಅದರ ಬೆನ್ನಿಗೇ ಮುಸ್ಲಿಮರ ಹತ್ಯೆಗಳು ನಡೆದವು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಪಂಡಿತ್ ಸುಂದರಲಾಲ್ ಸಮಿತಿ ಹೆಸರಿಸಿತು. ಸತ್ತವರ ಲೆಕ್ಕವಾದರೂ ಆಯಿತು. ಕಣ್ಣಾರೆ ಕಂಡ ಮಕ್ಕಳ ನಿದ್ದೆಗೆಟ್ಟ ರಾತ್ರಿಗಳಿಗೆ ಲೆಕ್ಕವೆಲ್ಲಿ?

ಇಂದು ಗಾಝಾದ ಯುದ್ಧ ನಮ್ಮ ಮಕ್ಕಳ ಕೈಯ ಮೊಬೈಲಿನಲ್ಲೇ ಇದೆ. ಯುದ್ಧ, ಗಲಭೆ ಕಂಡ ಮಗು ರಾತ್ರಿ ಬೆಚ್ಚಿಬೀಳುವುದು, ಹಾಸಿಗೆ ಒದ್ದೆ ಮಾಡುವುದು, ತಾಯಿಯನ್ನು ಬಿಡದಿರುವುದು ಹಠವಲ್ಲ, ಭಯ. ಬೈಯಬೇಡಿ. ಊಟ, ಶಾಲೆ, ನಿದ್ದೆ ಹೊತ್ತಿಗೆ ಸರಿಯಾಗಿ ನಡೆಯಲಿ. ಆಡಲಿ, ಚಿತ್ರ ಬಿಡಿಸಲಿ. ಒತ್ತಾಯಿಸಿ ಬಾಯಿ ಬಿಡಿಸಬೇಡಿ. ತಾನಾಗಿ ಹೇಳಿದರೆ ಪೂರ್ತಿ ಕೇಳಿ. ಆ ವಿಡಿಯೊಗಳನ್ನು ಮತ್ತೆ ಮತ್ತೆ ತೋರಿಸಬೇಡಿ. ತಿಂಗಳಾದರೂ ಕಡಿಮೆಯಾಗದಿದ್ದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

1948ರ ಆ ಮಕ್ಕಳು ಇಂದು ಅಜ್ಜ-ಅಜ್ಜಿಯರು. ಅವರು ಹೇಳಲು ಹೊರಟರೆ, ಈಗಲಾದರೂ ಕೂತು ಕೇಳೋಣ.