ಹಳೆಯ ವಿದ್ಯಾರ್ಥಿಗಳ ಟೀ ಶರ್ಟು, ಆಟಗಾರನ ಪಾಲು

ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ತಂಡಗಳ ಹೆಸರಿನಲ್ಲಿ ನಡೆಯುವ ಉಡುಪಿನ ವ್ಯಾಪಾರ ಬಹಳ ದೊಡ್ಡದು. ಪಂದ್ಯದ ದಿನ ಊರಿಗೆ ಊರೇ ಒಂದೇ ಬಣ್ಣ ತೊಡುತ್ತದೆ. ಓದು ಮುಗಿಸಿ ದಶಕಗಳು ಕಳೆದವರೂ ತಮ್ಮ ಕಾಲೇಜಿನ ಜರ್ಸಿಯನ್ನು ಬಿಡುವುದಿಲ್ಲ. ಆದರೆ ಆ ಜರ್ಸಿಯ ಬೆನ್ನ ಮೇಲಿನ ಸಂಖ್ಯೆ ತೊಟ್ಟು ಮೈದಾನದಲ್ಲಿ ಓಡಿದ ಹುಡುಗನಿಗೆ ಮಾರಾಟದಿಂದ ಬಿಡಿಗಾಸೂ ಸಿಗದ ವ್ಯವಸ್ಥೆ 2021ರ ಜೂನ್ ಕೊನೆಯವರೆಗೆ ನಡೆದುಬಂತು. ಹಳೆಯ ವಿದ್ಯಾರ್ಥಿಗಳು ತಮ್ಮ ಕೆಲಸಕಾರ್ಯಗಳ ನಡುವೆ ಬಿಡುವು ಮಾಡಿಕೊಂಡು ಟೀ ಶರ್ಟು, ಟೋಪಿ ಮಾರಿ, ಬಂದ ಹಣವನ್ನು ಆಟಗಾರರಿಗೆ ರಾಜಾರೋಷವಾಗಿ ಕೊಡುವುದು ಸಾಧ್ಯವಾದದ್ದು ಆ ನಂತರವೇ.

ಅದಕ್ಕೆ ಮೊದಲು ಕೊಡುತ್ತಿರಲಿಲ್ಲವೆಂದಲ್ಲ, ಕದ್ದುಮುಚ್ಚಿ ಕೊಡುತ್ತಿದ್ದರು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಹುಟ್ಟಿದ್ದು 1906ರಲ್ಲಿ. ಆಟಗಾರ ಹವ್ಯಾಸಿಯಾಗಿರಬೇಕು, ವಿದ್ಯಾರ್ಥಿವೇತನ ಬಿಟ್ಟು ಬೇರೇನನ್ನೂ ಮುಟ್ಟಬಾರದು ಎಂಬುದು ಅದರ ಕಟ್ಟುನಿಟ್ಟಿನ ನಿಯಮವಾಗಿತ್ತು. ಬೂಸ್ಟರ್ ಎಂದು ಕರೆಸಿಕೊಳ್ಳುವ ಸಿರಿವಂತ ಅಭಿಮಾನಿಗಳು ಗುಟ್ಟಾಗಿ ಹಣ ಹಂಚಿದ್ದಕ್ಕೆ ಟೆಕ್ಸಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 1987ರ ಇಡೀ ಋತುವನ್ನೇ ಕಳೆದುಕೊಂಡಿತು.

ಈ ನಿಯಮ ಎಷ್ಟು ಅನ್ಯಾಯದ್ದೆಂಬುದನ್ನು ಜಾರ್ಜಿಯಾ ವಿಶ್ವವಿದ್ಯಾಲಯದ ಎ.ಜೆ. ಗ್ರೀನ್ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಇನ್ನೊಂದಿಲ್ಲ. 2009ರ ಡಿಸೆಂಬರ್‌ನಲ್ಲಿ ಇಂಡಿಪೆಂಡೆನ್ಸ್ ಬೌಲ್ ಪಂದ್ಯದಲ್ಲಿ ತೊಟ್ಟಿದ್ದ ಜರ್ಸಿಯನ್ನು ಗ್ರೀನ್ ಮರುವರ್ಷ 1,000 ಡಾಲರಿಗೆ ಮಾರಿದ. ಅದು ಅವನದೇ ಜರ್ಸಿ, ಅವನದೇ ಬೆವರು. ಎನ್‌ಸಿಎಎ ಅವನನ್ನು ನಾಲ್ಕು ಪಂದ್ಯಗಳಿಂದ ಹೊರಗಿಟ್ಟಿತು, ಮಾರಿದ ಹಣವನ್ನು ದಾನ ಮಾಡಬೇಕೆಂದೂ ಹೇಳಿತು. ಅವನು ಅಂಕಣದಾಚೆ ಕುಳಿತಿದ್ದ ವಾರಗಳಲ್ಲೂ ಅವನ 8ನೇ ಸಂಖ್ಯೆಯ ಜರ್ಸಿಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದ್ದವು. ಹೆಸರು ಇರಲಿಲ್ಲ, ಸಂಖ್ಯೆ ಮಾತ್ರ. ಆ ಸಂಖ್ಯೆ ಯಾರದೆಂದು ಜಾರ್ಜಿಯಾದ ಮಕ್ಕಳಿಗೂ ಗೊತ್ತಿತ್ತು.

ಮೂರು ವರ್ಷಗಳ ನಂತರ, 2013ರ ಆಗಸ್ಟ್‌ನಲ್ಲಿ, ಕ್ರೀಡಾ ವಿಶ್ಲೇಷಕ ಮತ್ತು ವಕೀಲ ಜೇ ಬಿಲಾಸ್ ಎನ್‌ಸಿಎಎಯ ಆನ್‌ಲೈನ್ ಅಂಗಡಿಯಲ್ಲಿ ಒಂದೊಂದೇ ಆಟಗಾರನ ಹೆಸರು ಹುಡುಕಿ ನೋಡಿದರು. ಟೆಕ್ಸಸ್ ಎ ಆ್ಯಂಡ್ ಎಂ ತಂಡದ ಜಾನಿ ಮ್ಯಾಂಜಿಯೆಲ್ ಆಗ ಹಸ್ತಾಕ್ಷರ ಮಾರಿದ ಆರೋಪದ ಮೇಲೆ ವಿಚಾರಣೆಯಲ್ಲಿದ್ದ. ಅವನ ಹೆಸರು ಟೈಪಿಸಿದರೆ ಅವನ 2ನೇ ಸಂಖ್ಯೆಯ ಜರ್ಸಿ ಬೆಲೆಸಹಿತ ತೆರೆಯ ಮೇಲೆ ಬಂತು. ಜರ್ಸಿಗಳು ಆಟಗಾರರಿಗೆ ಸಂಬಂಧಿಸಿದವಲ್ಲ ಎಂದು ವಾದಿಸುತ್ತಿದ್ದ ಸಂಸ್ಥೆಗೆ ಇದಕ್ಕೆ ಉತ್ತರವಿರಲಿಲ್ಲ. ಎರಡೇ ದಿನಗಳಲ್ಲಿ, ತಂಡಗಳ ಉಡುಪು ಮಾರುವುದನ್ನು ನಿಲ್ಲಿಸುವುದಾಗಿ ಅದರ ಅಧ್ಯಕ್ಷ ಮಾರ್ಕ್ ಎಮರ್ಟ್ ಪ್ರಕಟಿಸಿದರು.

ಮುಂದಿನ ವರ್ಷಗಳ ಕಥೆ ಹೆಚ್ಚಾಗಿ ನ್ಯಾಯಾಲಯಗಳದ್ದು. ಯುಸಿಎಲ್‌ಎಯ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ ತನ್ನನ್ನೇ ಹೋಲುವ ಪಾತ್ರವನ್ನು ವಿಡಿಯೊ ಗೇಮ್‌ನಲ್ಲಿ ಕಂಡು 2009ರಲ್ಲಿ ಹೂಡಿದ ದಾವೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2014ರಲ್ಲಿ ಎನ್‌ಸಿಎಎಯ ವಿರುದ್ಧ ತೀರ್ಪಿತ್ತರು. ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದೆಂಬ ಕಾನೂನಿಗೆ 2019ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾ ರಾಜ್ಯಪಾಲರ ಸಹಿ ಬಿತ್ತು. 2021ರ ಜೂನ್ 21ರಂದು ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎಯ ವಿರುದ್ಧ ನಿಂತರು. ಅದು ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳ ಪ್ರಕರಣವಾದರೂ ಹಳೆಯ ಕಟ್ಟಡ ಅಲ್ಲಾಡಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ, ಹೋಲಿಕೆಗಳಿಂದ ಗಳಿಸಬಹುದಾಯಿತು. ಇದೇ ಎನ್‌ಐಎಲ್ (ನೇಮ್, ಇಮೇಜ್, ಲೈಕ್‌ನೆಸ್).

ಅದೇ ವರ್ಷ ಮಿಷಿಗನ್‌ನಲ್ಲಿ ಫುಟ್‌ಬಾಲ್ ಆಟಗಾರರ ಹೆಸರನ್ನೇ ಹೊತ್ತ ಜರ್ಸಿಗಳು ಅಂಗಡಿಗೆ ಬಂದವು, ಪ್ರತಿ ಮಾರಾಟದಲ್ಲೂ ಆಟಗಾರನಿಗೆ ಪಾಲು ಗೊತ್ತಾಯಿತು. ಜೊತೆಜೊತೆಗೇ ಹುಟ್ಟಿದವು ಕಲೆಕ್ಟಿವ್‌ಗಳು, ಅಂದರೆ ಒಂದು ವಿಶ್ವವಿದ್ಯಾಲಯದ ಅಭಿಮಾನಿಗಳೂ ಹಳೆಯ ವಿದ್ಯಾರ್ಥಿಗಳೂ ಹಣ ಕೂಡಿಸಿ, ಒಪ್ಪಂದದ ಮೂಲಕ ಆಟಗಾರರಿಗೆ ತಲುಪಿಸುವ ಕೂಟಗಳು. ಆರಿಗನ್‌ನಲ್ಲಿ ಇಂಥ ಪ್ರಯತ್ನದ ಹಿಂದೆ ನೈಕಿ ಸ್ಥಾಪಕ ಫಿಲ್ ನೈಟ್ ನಿಂತರು. ಪತ್ರಿಕೆಗಳು ಬರೆದದ್ದೆಲ್ಲ ಅಂಥ ಕೋಟ್ಯಧೀಶರ ಬಗ್ಗೆಯೇ. ಸಂಬಳ ಪಡೆಯದೆ ದುಡಿದ ಸಣ್ಣ ಗುಂಪುಗಳ ಶ್ರಮ ಆ ಸದ್ದಿನಲ್ಲಿ ಮುಳುಗಿಹೋದದ್ದು ಬೇಸರದ ಸಂಗತಿ.

ಆ ಶ್ರಮ ಕಡಿಮೆಯದಲ್ಲ. ವಿಶ್ವವಿದ್ಯಾಲಯದ ಲಾಂಛನಕ್ಕೆ ಪರವಾನಗಿ ಬೇಕು, ಅದಕ್ಕೆ ಶುಲ್ಕ ಕಟ್ಟಬೇಕು. ಹಾಗಾಗಿ ಇಂಥ ಟೀ ಶರ್ಟುಗಳಲ್ಲಿ ಹಲವು ಬಾರಿ ಲಾಂಛನವೇ ಇರುವುದಿಲ್ಲ. ಬಟ್ಟೆಯ ಬಣ್ಣ ತಂಡದ್ದು, ಮೇಲೊಂದು ಘೋಷಣೆ, ಆಟಗಾರನ ಅಡ್ಡಹೆಸರು ಅಥವಾ ಸಹಿ. ಬಲ್ಲವರಿಗೆ ಅಷ್ಟು ಸಾಕು. ಮುದ್ರಣ, ಅಂಚೆ, ಕಾರ್ಡ್ ಪಾವತಿಯ ಕಮಿಷನ್ ಕಳೆದು ಉಳಿದದ್ದು ಆಟಗಾರನಿಗೆ. ಅವನು ಪ್ರತಿಯಾಗಿ ಏನಾದರೂ ಮಾಡಿರಬೇಕು: ಶರ್ಟಿಗೆ ಸಹಿ, ಪ್ರಚಾರಕ್ಕೊಂದು ಚಿತ್ರ, ಅಭಿಮಾನಿಗಳ ಕೂಟದಲ್ಲಿ ಒಂದು ಗಂಟೆ. ಬರಿದೇ ಕೊಟ್ಟ ಹಣ ನಿಯಮಬಾಹಿರ. ಸ್ಟೂಡೆಂಟ್ ವೀಸಾದ ಮೇಲೆ ಬಂದ ವಿದೇಶಿ ಆಟಗಾರರಿಗಂತೂ, ಭಾರತದಿಂದ ಹೋದವರೂ ಸೇರಿ, ಇಂಥ ಕೆಲಸ ಮಾಡಿ ಹಣ ಪಡೆದರೆ ವೀಸಾಕ್ಕೇ ಕುತ್ತು. ದಾನಧರ್ಮದ ಸಂಸ್ಥೆಗಳಾಗಿ ನೋಂದಾಯಿಸಿಕೊಂಡು ತೆರಿಗೆ ವಿನಾಯಿತಿ ಪಡೆದಿದ್ದ ಕಲೆಕ್ಟಿವ್‌ಗಳ ಪೈಕಿ ಅನೇಕವು ಅದಕ್ಕೆ ಅರ್ಹವಲ್ಲ ಎಂದು ಅಮೆರಿಕದ ತೆರಿಗೆ ಇಲಾಖೆ 2023ರ ಜೂನ್‌ನಲ್ಲಿ ಅಭಿಪ್ರಾಯಪಟ್ಟಿತು.

ಟೀ ಶರ್ಟಿನ ಮೇಲಿನ ನಿಜವಾದ ಜಗಳ ನಡೆದದ್ದು 2025ರ ಜುಲೈನಲ್ಲಿ. ಆಟಗಾರರು ಎನ್‌ಸಿಎಎಯ ವಿರುದ್ಧ ಹೂಡಿದ್ದ ಹೌಸ್ ದಾವೆಯಲ್ಲಿ, ಅದೇ ವರ್ಷದ ಜೂನ್ 6ರಂದು ವಿಲ್ಕನ್ ಅವರೇ ಅಂಗೀಕರಿಸಿದ ರಾಜಿ ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ, ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ, ಕೊಡಬಹುದಾಯಿತು. ಹೊರಗಿನವರ ಒಪ್ಪಂದಗಳು 600 ಡಾಲರ್ ಮುಟ್ಟಿದರೆ ಅವುಗಳ ಪರಿಶೀಲನೆಗೆ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಎಂಬ ಹೊಸ ಸಂಸ್ಥೆ ಬಂತು. ಒಪ್ಪಂದಕ್ಕೆ ನಿಜವಾದ ವ್ಯಾಪಾರದ ಉದ್ದೇಶ ಇರಬೇಕೆಂಬುದು ಷರತ್ತು. ಜುಲೈ 10ರಂದು ಈ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ಇಂಥ ಮಾರಾಟವನ್ನೇ ಉದಾಹರಣೆಯಾಗಿ ಎತ್ತಿಕೊಂಡಿತು: ಆಟಗಾರರಿಗೆ ಹಣ ಕೊಡುವುದಕ್ಕಾಗಿಯೇ ಕಲೆಕ್ಟಿವ್ ವಸ್ತುಗಳನ್ನು ಮಾರಿದರೆ ಅದು ವ್ಯಾಪಾರದ ಉದ್ದೇಶವಲ್ಲ. ಅಂದರೆ ಅದೇ ಶರ್ಟನ್ನು ಕಂಪನಿಯೊಂದು ತನ್ನ ಲಾಭಕ್ಕೆ ಮಾರಿ ಆಟಗಾರನಿಗೆ ಪಾಲು ಕೊಟ್ಟರೆ ಸರಿ, ಆಟಗಾರನ ಒಳಿತಿಗೆಂದೇ ಹಳೆಯ ವಿದ್ಯಾರ್ಥಿಗಳು ಮಾರಿದರೆ ತಪ್ಪು.

ಆಟಗಾರರ ಪರ ವಕೀಲರಾದ ಜೆಫ್ರಿ ಕೆಸ್ಲರ್ ಮತ್ತು ಸ್ಟೀವ್ ಬರ್ಮನ್ ಮರುದಿನವೇ ಪತ್ರ ಬರೆದರು. ಮಾರ್ಗಸೂಚಿ ರಾಜಿ ಒಪ್ಪಂದಕ್ಕೆ ವಿರುದ್ಧ, ಹಿಂತೆಗೆದುಕೊಳ್ಳಿ ಎಂದರು. ಮಾತುಕತೆ ನಡೆದು ಜುಲೈ 31ಕ್ಕೆ ತಿದ್ದಿದ ಮಾರ್ಗಸೂಚಿ ಬಂತು. ಸಾರ್ವಜನಿಕರಿಗೆ ಲಾಭದ ಉದ್ದೇಶದಿಂದ ಸರಕು ಅಥವಾ ಸೇವೆ ಮಾರುವುದಾದರೆ ಕಲೆಕ್ಟಿವ್ ಕೂಡ ಉಳಿದ ವ್ಯಾಪಾರಿಗಳಂತೆಯೇ ಎಂದು ಅದು ಒಪ್ಪಿಕೊಂಡಿತು. ಆಗಲೂ ಕೊಡುವ ಮೊತ್ತ ಮಾರುಕಟ್ಟೆಯ ಮಟ್ಟದಲ್ಲಿರಬೇಕು ಎಂಬ ಷರತ್ತು ಉಳಿಯಿತು.

ವಿಶ್ವವಿದ್ಯಾಲಯಗಳು ನೇರವಾಗಿ ಹಂಚತೊಡಗಿದ ಹಣದ ಸಿಂಹಪಾಲು ಹೋಗುತ್ತಿರುವುದು ಫುಟ್‌ಬಾಲಿಗೆ, ಉಳಿದದ್ದರಲ್ಲಿ ಹೆಚ್ಚಿನದು ಬ್ಯಾಸ್ಕೆಟ್‌ಬಾಲಿಗೆ. ಈಜು, ಕುಸ್ತಿ, ದೋಣಿ ಸ್ಪರ್ಧೆಗಳ ಹುಡುಗ ಹುಡುಗಿಯರಿಗೆ ಟಿವಿಯ ಹಣವೂ ಇಲ್ಲ, ಜಾಹೀರಾತುದಾರರೂ ಇಲ್ಲ. ಅವರ ಹೆಸರಿನಲ್ಲಿ ನೂರು ಟೀ ಶರ್ಟು ಅಚ್ಚು ಹಾಕಿಸಿ ಮಾರುವ ಆಸಕ್ತಿ ಇರುವುದು ಹಿಂದೆ ಅದೇ ಕೊಳದಲ್ಲಿ ಈಜಿದವರಿಗೆ, ಅದೇ ಅಖಾಡದಲ್ಲಿ ಸೆಣಸಿದವರಿಗೆ ಮಾತ್ರ. ಕಾಲೇಜು ಕ್ರೀಡೆಗೆ ಮುಂದೆ ಯಾವ ನಿಯಮ ಬರೆದರೂ ಈ ಸ್ವಯಂಸೇವಕರಿಗೆ ಜುಲೈ 10ರಂದು ಮುಚ್ಚಿದ ಬಾಗಿಲನ್ನು ಇನ್ನೊಮ್ಮೆ ಮುಚ್ಚಬಾರದು.