ನಿಮ್ಮ ಮೊಬೈಲ್ ಸಂಖ್ಯೆ ಯಾರ ಹೆಸರಿನಲ್ಲಿದೆ?

ಹಿಂದೆ ಫೋನ್ ಸಂಖ್ಯೆ ಊರಿನ ಗುರುತಾಗಿತ್ತು. 08221 ಎಂದರೆ ನಂಜನಗೂಡು, 08227 ಎಂದರೆ ತಿ. ನರಸೀಪುರ. ಕೊಲ್ಲಿಗೆ ಹೋದ ಮಗನ ಕರೆಗಾಗಿ ತಾಯಂದಿರು ನೆರೆಮನೆಯಲ್ಲೋ ಎಸ್‌ಟಿಡಿ ಬೂತಿನಲ್ಲೋ ಕಾಯುತ್ತಿದ್ದ ದಿನಗಳವು.

ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ದೆಹಲಿಗೆ. ಆ ದಶಕ ಮುಗಿಯುವ ಮೊದಲೇ ನಮ್ಮ ರಾಜ್ಯಕ್ಕೆ 'ಸ್ಪೈಸ್' ಬಂತು. ದೇಶದಲ್ಲಿ ಕರ್ನಾಟಕ ಮತ್ತು ಪಂಜಾಬ್ ಎರಡು ಕಡೆ ಮಾತ್ರ ಅದರ ಮೊಬೈಲ್ ಸೇವೆಯಿತ್ತು. ಆಗ ಬಂದ ಕರೆಯನ್ನು ಎತ್ತಿದರೂ ದುಡ್ಡು! 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆಯೇ ಮೊಬೈಲ್ ಸಾಮಾನ್ಯರ ಮನೆ ಸೇರಿತು. 2008ರಲ್ಲಿ ಸ್ಪೈಸ್ 'ಐಡಿಯಾ'ದ ಕೈಸೇರಿತು. 2018ರ ಆಗಸ್ಟ್‌ನಲ್ಲಿ ಐಡಿಯಾ ಮತ್ತು ವೊಡಾಫೋನ್ ಒಂದಾದವು. 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ 'ವಿ' ಎಂಬ ಹೆಸರು ಬಂತು. ಕಂಪನಿಯ ಹೆಸರು ಮತ್ತೆ ಮತ್ತೆ ಬದಲಾದರೂ ಗ್ರಾಹಕರ ಸಂಖ್ಯೆ ಬದಲಾಗಲಿಲ್ಲ.

ಆದರೆ ಆ ಸಂಖ್ಯೆ ನಿಜವಾಗಿಯೂ ನಿಮ್ಮದೇ?

ನಮ್ಮ ಬೀದಿಯ ವಿಧವೆಯೊಬ್ಬರು ಒಂದು ದಿನ ಬ್ಯಾಂಕ್ ಪುಸ್ತಕ ಹಿಡಿದು ಬಂದರು. "ಟೀಚರಮ್ಮಾ, ಒಟಿಪಿ ಕೇಳ್ತಾರೆ, ನನ್ನ ಫೋನಿಗೆ ಏನೂ ಬರೋದಿಲ್ಲ" ಎಂದರು. "ಖಾಲಾ, ಬ್ಯಾಂಕಿಗೆ ಯಾವ ನಂಬರ್ ಕೊಟ್ಟಿದ್ದೀರಿ?" ಎಂದು ವಿಚಾರಿಸಿದೆ. ಅದು ಮಗನ ಹೆಸರಿನ ಸಿಮ್. ಹೊಸ ಸಿಮ್ ಸಿಕ್ಕಿದ್ದೇ ಅವನು ಹಳೆಯದನ್ನು ಬಿಸಾಡಿದ್ದ. ತಾಯಿಯ ಪಿಂಚಣಿಯ ಬೀಗದ ಕೈ ಅದರಲ್ಲಿದೆ ಎಂಬುದು ಅವನಿಗೂ ಹೊಳೆದಿರಲಿಲ್ಲ.

ಇಂದು ಬ್ಯಾಂಕ್ ಖಾತೆ, ಆಧಾರ್, ಗ್ಯಾಸ್ ಎಲ್ಲವೂ ಒಂದು ಸಂಖ್ಯೆಗೆ ಜೋಡಣೆಯಾಗಿವೆ. ತಿಂಗಳುಗಟ್ಟಲೆ ರೀಚಾರ್ಜ್ ಮಾಡದೆ, ಬಳಸದೆ ಬಿಟ್ಟ ಸಂಖ್ಯೆ ರದ್ದಾಗುತ್ತದೆ. ಕೆಲಕಾಲದ ನಂತರ ಅದೇ ಸಂಖ್ಯೆ ಅಪರಿಚಿತರೊಬ್ಬರಿಗೆ ಸಿಗಬಹುದು. ಆದ್ದರಿಂದ ಸಹೋದರಿಯರೇ, ಇವಿಷ್ಟನ್ನು ಗಮನಿಸಿ:

* ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ. ಗಂಡನ ಅಥವಾ ಮಗನ ಹೆಸರಿನಲ್ಲಿದ್ದರೆ ಇಬ್ಬರೂ ಗುರುತಿನ ದಾಖಲೆಗಳೊಂದಿಗೆ ಕಂಪನಿಯ ಕೇಂದ್ರಕ್ಕೆ ಹೋಗಿ ವರ್ಗಾವಣೆಯ ಬಗ್ಗೆ ವಿಚಾರಿಸಿ.

* ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ 'ಸಂಚಾರ ಸಾಥಿ'ಯಲ್ಲಿ ನೋಡಬಹುದು. ನಿಮಗೆ ಗೊತ್ತಿಲ್ಲದ ಸಂಖ್ಯೆ ಕಂಡರೆ ಅಲ್ಲೇ ದೂರು ಕೊಡಿ.

* ಸಿಗ್ನಲ್ ಸಿಗದಿದ್ದರೆ ಸಂಖ್ಯೆಯನ್ನು ಬಿಡಬೇಕಿಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಅದೇ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶವಿದೆ. ಪೋರ್ಟ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಸಂಖ್ಯೆಯೊಂದಿಗೆ 1900ಕ್ಕೆ ಸಂದೇಶ ಕಳಿಸಿ.

* ಸಂಖ್ಯೆ ಬದಲಾಯಿಸಲೇಬೇಕಾದರೆ, ಹಳೆಯದು ಚಾಲ್ತಿಯಲ್ಲಿರುವಾಗಲೇ ಬ್ಯಾಂಕ್ ಮತ್ತು ಆಧಾರ್‌ನಲ್ಲಿ ಹೊಸದನ್ನು ಸೇರಿಸಿ.

ಖಾಲಾ ಈಗ ತಮ್ಮ ಹೆಸರಿನಲ್ಲೇ ಸಿಮ್ ಪಡೆದಿದ್ದಾರೆ. ಬ್ಯಾಂಕಿನ ಅರ್ಜಿಯಲ್ಲಿ ಆ ಹತ್ತು ಅಂಕಿಗಳನ್ನು ತಾವೇ ಬರೆದರು. ಮನೆಯ ಒಡವೆ, ಪತ್ರಗಳನ್ನು ಜೋಪಾನ ಮಾಡುವ ನಾವು ಈ ಸಂಖ್ಯೆಯನ್ನೂ ಅಷ್ಟೇ ಜೋಪಾನ ಮಾಡಬೇಕಲ್ಲವೇ?