ರೇಷ್ಮೆಹುಳುವಿನ ತಲೆಯೊಳಗೆ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಡೆ ರೇಷ್ಮೆ ಸಾಕುವ ಮನೆಯವರಿಗೆ, ನಾಲ್ಕು ಜ್ವರ ಕಳೆದ ಹುಳು ಹಣ್ಣಾಗಿ ಚಂದ್ರಿಕೆಯನ್ನೇರುವುದು ಹೊಸ ದೃಶ್ಯವಲ್ಲ. ಮೊಟ್ಟೆಯೊಡೆದ ಸುಮಾರು 25 ದಿನಗಳಲ್ಲಿ ಅದರ ತೂಕ 10,000 ಪಟ್ಟಿನಷ್ಟು ಏರಿರುತ್ತದೆ. ನಮ್ಮ ಕಣ್ಣೆಲ್ಲ ನೂಲಿನ ಮೇಲೆ; ಹುಳುವಿನ ತಲೆಯೊಳಗಿನ ವ್ಯಾಪಾರವನ್ನು ಕೇಳುವವರಾರು? ಸೊಪ್ಪು ಮೇಯುವುದೊಂದನ್ನೇ ಬಲ್ಲ ಆ ಜೀವಿ ಬಿತ್ತನೆಗೂಡಿನಿಂದ ಹೊರಬರುವಾಗ, ದೊಡ್ಡ ಕಣ್ಣುಗಳುಳ್ಳ, ಸಂಗಾತಿಯ ವಾಸನೆಯನ್ನರಸುವ ಪತಂಗವಾಗಿರುತ್ತದೆ. ಈ ಹೊಸ ಬಾಳಿಗೆ ಬೇಕಾದ ನರಕೋಶಗಳು ಬಂದುದೆಲ್ಲಿಂದ?

ಹುಳುವಿನ ಮಿದುಳಿನಲ್ಲಿ ಕೆಲವು ಕೋಶಗಳು ಯಾವ ವೃತ್ತಿಯನ್ನೂ ಹಿಡಿಯದೆ ಉಳಿದಿರುತ್ತವೆ. ಇವೇ ನರ ಆಕರಕೋಶಗಳು. ಇವುಗಳ ಗುಟ್ಟು ಹೆಚ್ಚಾಗಿ ಬಯಲಾದುದು ಕಳಿತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದಲ್ಲಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವೆರೋನಿಕಾ ರೋಡ್ರಿಗ್ಸ್, ಕೆ. ವಿಜಯರಾಘವನ್ ಮೊದಲಾದವರು ಈ ನೊಣದ ನರಮಂಡಲದ ಬೆಳವಣಿಗೆಯನ್ನೇ ಅಭ್ಯಸಿಸಿದರು.

ಆಕರಕೋಶವು ಇಬ್ಭಾಗವಾಗುವಾಗ ಪಾಲು ಸಮನಾಗಿರುವುದಿಲ್ಲ. 'ಪ್ರಾಸ್ಪೆರೊ' ಎಂಬ ಪ್ರೋಟೀನು 'ಮಿರಾಂಡಾ' ಎಂಬ ಇನ್ನೊಂದರ ಕೈಹಿಡಿದು ಕೋಶದ ಒಂದು ಮಗ್ಗುಲಿಗೆ ಸರಿದು ನಿಲ್ಲುತ್ತದೆ. (ಷೇಕ್ಸ್‌ಪಿಯರನ ನಾಟಕದ ತಂದೆಮಗಳ ಹೆಸರನ್ನು ಇವಕ್ಕಿಟ್ಟವರು ರಸಿಕರೇ ಸರಿ!) ಅದನ್ನು ಪಡೆದ ಕಿರಿಯ ಕೋಶದಲ್ಲಿ ಪ್ರಾಸ್ಪೆರೊ ವಿಭಜನೆಯ ಜೀನುಗಳನ್ನು ಅಡಗಿಸಿ, ನರಕೋಶವಾಗಿಸುವ ಜೀನುಗಳನ್ನು ಎಬ್ಬಿಸುತ್ತದೆ. ಆ ಕೋಶ ಸಾಮಾನ್ಯವಾಗಿ ಇನ್ನೊಂದು ಸಲ ಮಾತ್ರ ಒಡೆದು ವಿರಮಿಸುತ್ತದೆ. ಪ್ರಾಸ್ಪೆರೊ ದಕ್ಕದ ಹಿರಿಯ ಪಾಲು ಆಕರಕೋಶವಾಗಿಯೇ ಉಳಿದು, ಮತ್ತೆ ಒಡೆಯಲು ಅಣಿಯಾಗುತ್ತದೆ. ಪ್ರಾಸ್ಪೆರೊ ಇಲ್ಲದ ನೊಣಗಳಲ್ಲಿ ಕಿರಿಯ ಕೋಶವೂ ಹಿರಿಯದರಂತೆ ಒಡೆಯುತ್ತ ಹೋಗಿ ಮಿದುಳಿನಲ್ಲಿ ಗಡ್ಡೆ ಬೆಳೆಯುತ್ತದೆ.

ನೊಣದ ಮರಿಹುಳು ಮೊಟ್ಟೆಯೊಡೆದು ಬಂದಾಗ ಈ ಕೋಶಗಳಲ್ಲಿ ಬಹುಪಾಲು ನಿದ್ರಿಸುತ್ತಿರುತ್ತವೆ. ಮೊದಲ ಆಹಾರದ ಸತ್ವ ಮೈಯ ಕೊಬ್ಬಿಗೆ ತಲುಪಿದೊಡನೆ ಅಲ್ಲಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ನೆರೆಯ ಪೋಷಕ ಕೋಶಗಳು ಇನ್ಸುಲಿನ್ನಿನಂಥ ದ್ರವ್ಯವನ್ನು ಸ್ರವಿಸಿ ಅವುಗಳನ್ನು ಎಚ್ಚರಿಸುತ್ತವೆ. ಹೊಟ್ಟೆ ತುಂಬದೆ ಮಿದುಳು ಬೆಳೆಯದು!

ಗರ್ಭದಲ್ಲಿರುವ ನಮ್ಮ ಶಿಶುವಿನಲ್ಲಿಯೂ ಇಂಥ ಕೋಶಗಳಿವೆ. ಅಲ್ಲಿ ಕಾವಲು ಕಾಯುವುದು 'ನಾಚ್' ಎಂಬ ಪ್ರೋಟೀನು. ನರಕೋಶವಾಗಲು ಹೊರಟ ಕೋಶವು ತನ್ನ ಮೈಮೇಲಿನ 'ಡೆಲ್ಟಾ'ದಿಂದ ನೆರೆಯ ಕೋಶದ ನಾಚನ್ನು ತಟ್ಟಿ, "ನೀನು ಮನೆಯಲ್ಲಿರು" ಎನ್ನುವಂತೆ ತಡೆಯುತ್ತದೆ. ದೊಡ್ಡಮಗ ಊರುಬಿಟ್ಟರೆ ತಮ್ಮನು ಹೊಲ ನೋಡಿಕೊಳ್ಳುವಂತೆ. ಎಲ್ಲವೂ ಒಮ್ಮೆಗೇ ನರಕೋಶಗಳಾದರೆ ಆಕರ ಬೇಗ ಬರಿದಾಗಿ ಮಿದುಳು ಸಣ್ಣದಾಗುತ್ತದೆ. 2015ರಲ್ಲಿ ಬ್ರೆಜಿಲ್ಲಿನಲ್ಲಿ ಜೀಕಾ ಜ್ವರ ಹಬ್ಬಿದ ಮೇಲೆ ಹಲವು ಕೂಸುಗಳು ಕಿರುದಲೆಯೊಡನೆ ಹುಟ್ಟಿದವು. ತಾಯಿಯಿಂದ ಭ್ರೂಣಕ್ಕೆ ದಾಟಿದ ಆ ವೈರಸ್ಸು ಕೊಲ್ಲುತ್ತಿದ್ದುದು ಈ ಕೋಶಗಳನ್ನೇ.